ಉಬ್ಬರ ಕಂಡ ಬೀಜ

ಹದಿನಾಲ್ಕನೇ ಕೋಣೆಯಲ್ಲಿ ಕಟ್ಟಿನಕೇರಿಯ ಮಳೆಗಾಲ ಐವತ್ತೆಂಟು ದಿನಕ್ಕೆ ಮುಗಿದುಹೋಗುತ್ತಿತ್ತು. ಹೊರಗೆ ಘಟ್ಟದ ಮೇಲಿನ ಬಿಸಿಲು ಚುರುಗುಟ್ಟುತ್ತಿದ್ದರೂ ಕೋಣೆಯೊಳಗೆ ಆಷಾಢದ ಮಂಕು ಬೆಳಕು, ಸಮುದ್ರದ ಕಡೆಯಿಂದ ಬೀಸಿದಂಥ ತೇವದ ಗಾಳಿ, ಗೇಣುದ್ದ ನಿಂತ ಉಪ್ಪುನೀರು. ಬೆಳಕಿನ ಬಣ್ಣವನ್ನೂ ಹೊತ್ತನ್ನೂ ಬದಲಿಸಿ, ಗಾಳಿಗೆ ಇಂಗಾಲದ ಅನಿಲವನ್ನು ತುಸು ಹೆಚ್ಚು ಬೆರೆಸಿ, ನೂರ ಮೂವತ್ತು ದಿನದ ಭತ್ತವನ್ನು ಅದರ ಅರ್ಧಕ್ಕಿಂತ ಕಡಿಮೆ ದಿನದಲ್ಲಿ ತೆನೆಗೆ ತರುವ ವಿದ್ಯೆ ಅದು. ಋತುಕೇಂದ್ರದಲ್ಲಿ ಇಂಥ ಮೂವತ್ತಾರು ಕೋಣೆಗಳಿದ್ದವು. ಒಂದರಲ್ಲಿ ಬಯಲುಸೀಮೆಯ ಒಂದು ಊರು, ಇನ್ನೊಂದರಲ್ಲಿ ಕಾಲುವೆಯ ಕೆಳಗಿನ ಒಂದು ಊರು, ಹದಿನಾಲ್ಕರಲ್ಲಿ ಕಡಲಂಚಿನ ಕಟ್ಟಿನಕೇರಿ.

ಒಂದು ಊರಿನ ಋತುವನ್ನೇ ತಂದು ಕೋಣೆಯಲ್ಲಿ ಕೂಡಿಹಾಕಿದರೆ ಹೇಗೆ ಎಂಬ ಒಂದೇ ಪ್ರಶ್ನೆಯಿಂದ ಆ ಕೇಂದ್ರ ಹುಟ್ಟಿತ್ತು. ಎರಡು ಭತ್ತವನ್ನು ಕೂಡಿಸಿ ಪಡೆದ ಮಿಶ್ರತಳಿ ಎಲ್ಲ ಊರಲ್ಲೂ ಒಂದೇ ಥರ ಬೆಳೆಯುವುದಿಲ್ಲ. ಒಂದೂರಲ್ಲಿ ಸೊಂಟದೆತ್ತರ ನಿಂತದ್ದು ಇನ್ನೊಂದೂರಲ್ಲಿ ಮೊಣಕಾಲು ದಾಟುವುದಿಲ್ಲ. ಇಲ್ಲಿ ಗಾಜಿನಂತೆ ಹೊಳೆದ ಕಾಳು ಅಲ್ಲಿ ಸುಣ್ಣ ಬಳಿದಂತೆ ಮಂಕಾಗುತ್ತದೆ. ಹಿಂದೆಲ್ಲ ಒಂದು ತಳಿಯನ್ನು ಇಪ್ಪತ್ತು ಊರಲ್ಲಿ ಹನ್ನೆರಡು ವರ್ಷ ಬೆಳೆದು ನೋಡಿ ಆಮೇಲೆ ರೈತರಿಗೆ ಕೊಡುತ್ತಿದ್ದರು. ಅಷ್ಟರಲ್ಲಿ ಆ ಊರುಗಳ ಹವೆಯೇ ಬದಲಾಗಿಬಿಡುತ್ತಿತ್ತು. ಕೋಣೆಗಳು ಬಂದ ಮೇಲೆ ಹೊಲದ ಪರೀಕ್ಷೆ ಹೆಚ್ಚುಕಡಿಮೆ ನಿಂತೇಹೋಯಿತು. ಜನರೂ ಒಗ್ಗಿಕೊಂಡರು. ಸಂತೆಯಲ್ಲಿ ಬೀಜ ಕೊಳ್ಳುವವರು, ಇದು ಎಷ್ಟನೇ ಕೋಣೆಯದು ಎಂದು ಕೇಳುವುದು ರೂಢಿಯಾಯಿತು.

ಈ ಎಲ್ಲ ಕೋಣೆಗಳ ಹವಾಮಾನ ನಡೆಸುತ್ತಿದ್ದವಳು ಶಿವಲೀಲಾ. ವಯಸ್ಸು ನಲವತ್ತೆರಡು. ಕಾರಟಗಿ ಕಡೆಯ ಭತ್ತದ ಸೀಮೆಯವಳು. ನಿಯಂತ್ರಣ ಕೊಠಡಿಯ ಪರದೆಗಳ ಮುಂದೆ ಕೂತು ಒಂದು ಊರಿಗೆ ಮಳೆ, ಇನ್ನೊಂದಕ್ಕೆ ಒಣಗಾಳಿ ಹಂಚುವ ಕೆಲಸವನ್ನು ಎಂಟು ವರ್ಷದಿಂದ ಮಾಡುತ್ತಿದ್ದಳು. ಅವಳಿಗೆ ಹದಿನಾಲ್ಕನೇ ಕೋಣೆಯ ಮೇಲೆ ಒಂದು ಗುಲಗಂಜಿ ಹೆಚ್ಚಿನ ಪ್ರೀತಿ. ಅಲ್ಲಿ ಬೆಳೆಯುತ್ತಿದ್ದ ಕೆ-೨೧೭ ಎಂಬ ತಳಿಯ ಸಾಲನ್ನು ಮೊದಲ ತಲೆಮಾರಿನಿಂದ ನೋಡಿದವಳು ಅವಳು.

ಕಟ್ಟಿನಕೇರಿಯ ಗದ್ದೆಗಳು ಗಜನಿ ಗದ್ದೆಗಳು. ಹೊಳೆ ಸಮುದ್ರ ಸೇರುವಲ್ಲಿ ಕಟ್ಟೆ ಕಟ್ಟಿ ಉಳಿಸಿಕೊಂಡ ಜೌಗು ನೆಲ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ನೀರಲ್ಲಿ ಮೀನು, ಸಿಗಡಿ. ಅಲ್ಲಿಯ ಹಳೆಯ ಭತ್ತ ಕಗ್ಗ. ಕೆಂಪಕ್ಕಿ, ಕಾಳಿನ ತುದಿಗೆ ಉದ್ದ ಮೀಸೆ, ಉಪ್ಪಿಗೆ ಜಗ್ಗದ್ದು. ಆದರೆ ಸಮುದ್ರ ವರ್ಷದಿಂದ ವರ್ಷಕ್ಕೆ ಏರುತ್ತ ಬಂದು ಕಗ್ಗವೂ ಸೋತಿತು. ಕಗ್ಗಕ್ಕೆ ಇನ್ನೊಂದು ಉಪ್ಪುನೆಲದ ತಳಿಯನ್ನು ಕೂಡಿಸಿ, ಕೋಣೆಯಲ್ಲಿ ಹದಿನೇಳು ತಲೆಮಾರು ಬೆಳೆಸಿ ಆರಿಸಿದ್ದೇ ಕೆ-೨೧೭. ಅದರ ಮೇಲೆ ಒಂದು ಊರಿನ ಹಣೆಬರಹ ನಿಂತಿತ್ತು. ಗಜನಿಯಲ್ಲಿ ಇನ್ನು ಭತ್ತ ಬೆಳೆಯುವುದು ಸಾಧ್ಯವೇ ಎಂದು ನೋಡಲು ಸರ್ಕಾರ ನೇಮಿಸಿದ ಭೂ ಸಮಿತಿ ನವೆಂಬರಿನಲ್ಲಿ ಬರುವುದಿತ್ತು. ಬೆಳೆ ಕಂಡರೆ ಕಟ್ಟೆಯನ್ನು ಎತ್ತರಿಸುತ್ತಾರೆ. ಇಲ್ಲದಿದ್ದರೆ ನೆಲವನ್ನು ಹೊಳೆಗೆ ಬಿಟ್ಟು ನಲವತ್ತು ಮನೆಗಳನ್ನೂ ಬೇರೆಡೆಗೆ ಎಬ್ಬಿಸುತ್ತಾರೆ.

ಜೂನಿನಲ್ಲಿ ಕೇಂದ್ರದ ಗಾಡಿ ನಲವತ್ತು ಮನೆಗೂ ಬೀಜ ಹಂಚಿ ಬಂತು. ಜುಲೈ ಮಧ್ಯದಲ್ಲಿ ಫೋನು ಬಂತು. ಪೈರು ತುದಿಯಿಂದ ಬೆಂಕಿ ತಾಗಿದಂತೆ ಒಣಗುತ್ತಿದೆ, ಬಂದು ನೋಡಿ ಎಂದು.

ಶಿವಲೀಲಾ ಹೋಗಿ ಕಟ್ಟೆಯ ಮೇಲೆ ನಿಂತಳು. ಕಣ್ಣು ಹಾಯುವವರೆಗೂ ಒಣಹುಲ್ಲಿನ ಬಣ್ಣದ ಸತ್ತ ಸಸಿಗಳು. ಯಾರೂ ಅವಳನ್ನು ಬೈಯಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು. ಒಬ್ಬಾಕೆ ಕುಡಿಯಲು ನೀರು ತಂದುಕೊಟ್ಟಳು. ಇನ್ನೊಬ್ಬರು ಕೆಸರಿನಲ್ಲಿ ಕಾಲು ಜಾರದಂತೆ ಕೋಲು ಕೊಟ್ಟರು. ಗದ್ದೆಯಿಂದ ಗದ್ದೆಗೆ ನಡೆಯುತ್ತ, ಸತ್ತ ಸಸಿಗಳನ್ನು ಚೀಲಕ್ಕೆ ತುಂಬುತ್ತ ಅವಳು ಕಟ್ಟೆಯಲ್ಲಿ ನೀರು ಬಿಡುವ ಬಾಗಿಲ ಹತ್ತಿರ ಬಂದಳು. ಸಮುದ್ರದ ನೀರು ಮೊದಲು ನುಗ್ಗುವ ಜಾಗ ಅದು. ಇಡೀ ಬಯಲಿನಲ್ಲೇ ಹೆಚ್ಚು ಉಪ್ಪು ಕುಡಿದ ನೆಲ. ಅಲ್ಲಿ ಅರ್ಧ ಎಕರೆಯಷ್ಟು ಭತ್ತ ಹಸಿರಾಗಿ, ಬುಡದಿಂದ ಕವಲು ಕವಲಾಗಿ ತೆಂಡೆಯೊಡೆದು ನಿಂತಿತ್ತು.

ಅದು ಮಂಕಾಳಿ ಪಟಗಾರ ಎಂಬ ಅರವತ್ತೇಳರ ಹೆಂಗಸಿನ ಗದ್ದೆ. ಇದ್ಯಾವ ಭತ್ತ ಎಂದರೆ ಆಕೆ ಹಳೇ ಕಗ್ಗ ಎಂದಳು. ಕಗ್ಗದ ಎಲೆ ಇಷ್ಟು ಅಗಲವಿರುವುದಿಲ್ಲ, ಬುಡದಲ್ಲಿ ಈ ನೇರಳೆ ಗೆರೆ ಇರುವುದಿಲ್ಲ ಎಂದು ಶಿವಲೀಲಾ ಹೇಳಿದಾಗ ಸುತ್ತ ಕಣ್ಣು ಹಾಯಿಸಿದಳು. ಗದ್ದೆಯಲ್ಲಿ ಬೇರೆಯವರಿದ್ದರು. ಆಕೆ ಶಿವಲೀಲಾಳನ್ನು ಮನೆಗೆ ಕರೆದೊಯ್ದು, ಗಂಜಿ ಬಡಿಸಿ, ಒಣ ಸಿಗಡಿಯ ಚಟ್ನಿ ಇಟ್ಟು, ಬಾಗಿಲು ಮುಂದಕ್ಕೆ ಮಾಡಿ ಎದುರು ಕುಳಿತಳು.

"ಅಕ್ಕೋರೇ, ಕೇಸು ಹಾಕೂದಾದ್ರೆ ನನ್ನ ಮೇಲೆ ಒಬ್ಬಳ ಮೇಲೇ ಹಾಕಿ" ಎಂದಳು. "ಊರೋರಿಗೆ ಇದು ಗೊತ್ತಿಲ್ಲ."

ಮೂರು ವರ್ಷದ ಹಿಂದೆ ಕೇಂದ್ರದವರು ಕೆ-೨೧೭ನ್ನು ತೋರಿಸಲೆಂದು ಐದು ಮನೆಗಳಿಗೆ ಚಿಕ್ಕ ಪಾಕೀಟು ಕೊಟ್ಟಿದ್ದರು. ಆಗ ಅದು ಕೋಣೆಯಲ್ಲಿ ಎಂಟು ತಲೆಮಾರು ಮಾತ್ರ ಕಳೆದಿದ್ದ ಬೀಜ. ಬೆಳೆದದ್ದನ್ನೆಲ್ಲ ತಿರುಗಿ ಕೊಡಬೇಕು, ಒಂದು ಕಾಳೂ ಇಟ್ಟುಕೊಳ್ಳಬಾರದು ಎಂಬ ಕಾಗದಕ್ಕೆ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದರು. ಮಂಕಾಳಿಯ ಗದ್ದೆಯಲ್ಲಿ ಆ ವರ್ಷ ಮುಕ್ಕಾಲುಪಾಲು ಸತ್ತಿತ್ತು. ತಳಿ ಇನ್ನೂ ಎಳೆಯದು ಎಂದು ಕೇಂದ್ರದವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ ಕೆಲವೇ ಗಿಡದ ತೆನೆಯಲ್ಲಿ ಆಕೆ ಒಂದು ಬೊಗಸೆ ತೆಗೆದಿಟ್ಟಳು.

"ಹೆತ್ತ ಮನೆಯಿಂದ ಕೂಸನ್ನ ಪೂರ್ತಿ ಎತ್ಕಂಡು ಹೋಗೂದು ಎಂತಾ ಕ್ರಮ ಅಂತ ಕಂಡ್ತು. ಅದ್ಕೇ ಇಟ್ಕಂಡೆ. ಮರುವರ್ಷ ಬಾಗಿಲ ಬುಡದಲ್ಲೇ ಬಿತ್ತಿದೆ. ಅರ್ಧ ಉಳೀತು. ಅದರ ಮರುವರ್ಷ ಹೆಚ್ಚುಕಮ್ಮಿ ಎಲ್ಲ ಉಳೀತು. ಈ ವರ್ಷ ನೀವು ಕೊಟ್ಟದ್ದನ್ನ ಆಚೆ ಬದಿಗೆ ಹಾಕಿದೆ, ನಂದನ್ನ ಈಚೆ ಬದಿಗೆ. ಆಚೆದು ಹೋಯ್ತು. ಈಚೆದನ್ನೇ ನೀವು ಕಂಡದ್ದು."

ಶಿವಲೀಲಾ ಗಂಜಿಯ ಬಟ್ಟಲು ಹಿಡಿದುಕೊಂಡೇ ಕೂತಳು. ಕೇಸಿನ ಯೋಚನೆ ಅವಳಿಗಿರಲಿಲ್ಲ. ಮೂರು ಗಿಡವನ್ನೂ ಒಂದು ಹಿಡಿ ಬೀಜವನ್ನೂ ಕೊಡುತ್ತೀರಾ ಎಂದು ಕೇಳಿದಳು. ಕಾಗದ ನಾನೇ ಹರಿದುಹಾಕಿಸುತ್ತೇನೆ, ನಿಮ್ಮ ಹೆಸರಿಗೆ ಕುತ್ತು ಬಾರದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಳು. ಮಂಕಾಳಿ ಎದ್ದು ಒಳಗಿನಿಂದ ಗಡಿಗೆ ತಂದಳು.

ಕೇಂದ್ರದಲ್ಲಿ ವಂಶವಾಹಿ ಓದುವ ಯಂತ್ರಕ್ಕೆ ಎರಡು ದಿನ ಬೇಕಾಯಿತು. ಸತ್ತ ಸಸಿ, ಮಂಕಾಳಿಯ ಗಿಡ, ಎರಡರದೂ ಅಕ್ಷರಕ್ಕೆ ಅಕ್ಷರ ಒಂದೇ ಎಂದು ಅದು ಹೇಳಿತು. ನಿರ್ದೇಶಕ ಡಾಕ್ಟರ್ ಕುಬೇರಪ್ಪನವರು ದಾವಣಗೆರೆ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು. ವರದಿ ನೋಡಿ, ಮಾದರಿಗಳು ಅದಲುಬದಲಾಗಿರಬೇಕು, ಮತ್ತೊಮ್ಮೆ ನೋಡಿ ಎಂದರು. ಮತ್ತೊಮ್ಮೆಯೂ ಅದೇ ಬಂತು. ಹಾಗಾದರೆ ನೆಲದಲ್ಲೇ ಏನೋ ವ್ಯತ್ಯಾಸವಿರಬೇಕು ಎಂದರು. ವ್ಯತ್ಯಾಸವಿದ್ದದ್ದು ನಿಜ. ಬದುಕಿದ್ದು ಕೆಟ್ಟ ನೆಲದಲ್ಲಿ, ಸತ್ತದ್ದು ಒಳ್ಳೆಯದರಲ್ಲಿ.

ಎರಡೂ ಬೀಜವನ್ನು ಅವಳು ಹದಿನಾಲ್ಕನೇ ಕೋಣೆಯಲ್ಲಿ ಒಟ್ಟಿಗೆ ಬಿತ್ತಿಸಿದಳು. ಎಂಟು ದಿನಕ್ಕೆ ಎರಡೂ ಒಂದೇ ಎತ್ತರ, ಒಂದೇ ಹಸಿರು. ಕೋಣೆಗೆ ಅವೆರಡರ ನಡುವೆ ಏನೂ ಭೇದ ಕಾಣಲಿಲ್ಲ.

ಆ ವಾರ ಶಿವಲೀಲಾಳ ತಂದೆ ಪಂಪಣ್ಣ ಮಗಳ ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದರೂ ಈಗಲೂ ಹೊಲ ಮಾಡುವ ಮನುಷ್ಯ. ಮಧ್ಯಾಹ್ನದ ಊಟಕ್ಕೆ ಅಳಿಯ ಮಹಾಂತೇಶ ಅನ್ನ ಬಡಿಸುವಾಗ, ಕೇಂದ್ರದ ಅಂಗಡಿಯ ಅಕ್ಕಿ ಎಲ್ಲ ದಿನವೂ ಒಂದೇ ಥರ ಬೇಯುತ್ತದಲ್ಲ ಎಂದು ಅವರು ಅಚ್ಚರಿಪಟ್ಟರು. ಆ ಅಕ್ಕಿಯ ಹೆಗ್ಗಳಿಕೆಯೇ ಅದು ಎಂದ ಮಹಾಂತೇಶ.

"ನಮ್ಮ ಮನಿಯಾಗ ಹಂಗಿರಲಿಲ್ಲಪ" ಎಂದರು ಪಂಪಣ್ಣ. "ಕಾಲುವಿ ಬಾಯಾಗಿನ ಹೊಲದ ನೆಲ್ಲು ಅನ್ನ ಮಾಡಿದ್ರ ಮುದ್ದಿ ಆಗತಿತ್ತು. ಕೆಳಗಿನ ಹೊಲದ್ದು ಕಾಳಿಗೆ ಕಾಳು ಅಂಟತಿರಲಿಲ್ಲ. ಬೀಜ ಒಂದ ಚೀಲದ್ದು. ನೀರು ಕುಡದದ್ದು ಬ್ಯಾರೆ."

ಶಿವಲೀಲಾ ತುತ್ತು ಹಿಡಿದು ಕೇಳುತ್ತಿದ್ದಳು. ಅವ್ವ ಬೀಜಕ್ಕೆಂದು ಯಾವ ಹೊಲದ್ದನ್ನು ತೆಗೆದಿಡುತ್ತಿದ್ದಳು ಎಂದು ಕೇಳಿದಳು.

"ಯಾವಾಗಲೂ ಕೆಳಗಿನದ. ಅಲ್ಲಿ ನೀರು ಬಂದ್ರ ಬಂತು, ಇಲ್ಲಂದ್ರ ಇಲ್ಲ. ತಾಯಿ ಕಂಡ ಕಷ್ಟ ಮಗಳಿಗೆ ಗೊತ್ತಿರತೈತಿ ಅಂತಿದ್ಲು ನಿಮ್ಮವ್ವ. ನಾನು ನಗತಿದ್ದೆ."

ಶಿವಲೀಲಾ ಅರ್ಧ ಊಟಕ್ಕೆ ಕೈ ತೊಳೆದುಕೊಂಡಳು. ಯಾಕವ್ವಾ, ಏನಾಯಿತು ಎಂದು ತಂದೆ ಕೇಳಿದರು. ಬಾಗಿಲ ತನಕ ಹೋದವಳು ತಿರುಗಿ ಬಂದು ತಂದೆಯ ಕಾಲು ಮುಟ್ಟಿ ಓಡಿದಳು. ಅವರಿಗೆ ಏನೂ ಅರ್ಥವಾಗಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಅವಳು ಎರಡು ಗೆರೆಗಳನ್ನು ಪಕ್ಕಪಕ್ಕ ಹಾಕಿ ನೋಡಿದಳು. ಮೊದಲನೆಯದು ಕಟ್ಟಿನಕೇರಿಯ ಬಾಗಿಲ ಹತ್ತಿರ ನೆಟ್ಟಿದ್ದ ಉಪಕರಣ ಕಳಿಸಿದ ಉಪ್ಪಿನ ಲೆಕ್ಕ. ಎರಡನೆಯದು ಕೋಣೆಯ ಉಪ್ಪಿನ ಲೆಕ್ಕ. ಕಟ್ಟಿನಕೇರಿಯ ಗೆರೆ ದಿನಕ್ಕೆರಡು ಸಲ ಉಬ್ಬರದೊಂದಿಗೆ ಏರಿ, ಇಳಿತದೊಂದಿಗೆ ಇಳಿದು, ಹುಣ್ಣಿಮೆ ಅಮಾವಾಸ್ಯೆಗೆ ಗೋಪುರದಂತೆ ಮೇಲೆದ್ದು, ಜೋರು ಮಳೆಗೆ ನೆಲಕಚ್ಚಿ ಕುಣಿಯುತ್ತಿತ್ತು. ಕೋಣೆಯ ಗೆರೆ ಅಳತೆಪಟ್ಟಿ ಹಿಡಿದು ಎಳೆದಂತೆ ನೇರವಾಗಿತ್ತು. ಎರಡರ ಸರಾಸರಿ ಒಂದೇ.

ಆ ನೇರ ಗೆರೆಯನ್ನು ಎಳೆದವಳು ಅವಳೇ. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಋತುವನ್ನು ಓಡಿಸುವಾಗ ಉಬ್ಬರವನ್ನೂ ಓಡಿಸಬೇಕಾಗಿತ್ತು. ದಿನಕ್ಕೆ ನಾಲ್ಕೈದು ಸಲ ನೀರು ತುಂಬಿ ಖಾಲಿ ಮಾಡುವಾಗ ಪಂಪುಗಳು ಮೇಲಿಂದ ಮೇಲೆ ಕೆಟ್ಟವು. ಇಡೀ ದಿನಕ್ಕೆ ಒಂದೇ ಸರಾಸರಿ ಉಪ್ಪು ಇಟ್ಟರೆ ಸಾಕೆಂದು ಅವಳು ಒಂದು ಟಿಪ್ಪಣಿ ಬರೆದಿದ್ದಳು. ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಅವಳು ಅದನ್ನು ಮರೆತೇಬಿಟ್ಟಿದ್ದಳು.

ಈಗ ಅವಳು ಓಟವನ್ನು ನಿಲ್ಲಿಸಿದಳು. ಕೋಣೆಯ ಒಂದು ದಿನಕ್ಕೆ ಹೊರಗಿನ ಒಂದು ದಿನ. ಪಂಪುಗಳಿಗೆ ಕಟ್ಟಿನಕೇರಿಯ ಕುಣಿಯುವ ಗೆರೆಯನ್ನು ಗಂಟೆ ಗಂಟೆಗೂ ಇದ್ದದ್ದು ಇದ್ದಹಾಗೆ ಕೊಟ್ಟಳು. ನಾಲ್ಕನೇ ದಿನ ಕೇಂದ್ರದ ಬೀಜದ ಸಸಿಗಳ ತುದಿ ಕೆಂಪಾಯಿತು. ಆರನೇ ದಿನಕ್ಕೆ ಅವು ಮಲಗಿದವು. ಪಕ್ಕದ ಸಾಲಿನಲ್ಲಿ ಮಂಕಾಳಿಯ ಗಡಿಗೆಯ ಬೀಜದ ಸಸಿಗಳು ಎಲೆ ಸುರುಟಿಕೊಂಡು ಉಬ್ಬರವನ್ನು ಕಳೆದು, ಇಳಿತದಲ್ಲಿ ಮತ್ತೆ ಬಿಚ್ಚಿಕೊಂಡವು.

ಸಸ್ಯಶಾಸ್ತ್ರದ ಮಟ್ಟಿಗೆ ಇದು ತೀರಾ ಹೊಸ ವಿಷಯವೇನಲ್ಲ. ವಂಶವಾಹಿ ಎಂಬುದು ಮನೆಯಿದ್ದ ಹಾಗೆ. ಯಾವ ಕೋಣೆಗೆ ಬೀಗ, ಯಾವುದರ ಬಾಗಿಲು ತೆರೆದಿದೆ ಎಂಬುದು ಬೇರೆಯೇ ಲೆಕ್ಕ. ಉಪ್ಪಿನ ಹೊಡೆತ ತಿಂದ ಗಿಡ ಕೆಲವು ಬೀಗಗಳನ್ನು ತೆಗೆಯುತ್ತದೆ. ಅದು ಹೆತ್ತ ಬೀಜದಲ್ಲೂ ಆ ಬಾಗಿಲುಗಳು ಒಂದೆರಡು ತಲೆಮಾರು ತೆರೆದೇ ಇರುತ್ತವೆ. ಹಾಗೆ ತೆರೆದಿದ್ದವು ಮಾತ್ರ ಮಂಕಾಳಿಯ ಗದ್ದೆಯಲ್ಲಿ ವರ್ಷ ವರ್ಷವೂ ಉಳಿದು ಬಂದಿದ್ದವು. ಮನೆ ಒಂದೇ ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸ ಕಾಣಲಿಲ್ಲ. ಹದಿನೇಳು ತಲೆಮಾರು ಸಮ ಉಪ್ಪಿನಲ್ಲಿ ನೆಮ್ಮದಿಯಾಗಿದ್ದ ಬೀಜ ಬೀಗಗಳನ್ನೆಲ್ಲ ಹಾಕಿಕೊಂಡು ಮಲಗಿತ್ತು. ಕಟ್ಟಿನಕೇರಿಯ ನಲವತ್ತು ಮನೆಗೆ ಹೋದದ್ದು ಆ ಬೀಜ.

ಅವಳು ಎಲ್ಲವನ್ನೂ ಬರೆದಳು. ತನ್ನ ಹಳೆಯ ಟಿಪ್ಪಣಿಯ ಪ್ರತಿಯನ್ನು ವರದಿಯ ಮೊದಲ ಪುಟಕ್ಕೇ ಲಗತ್ತಿಸಿ, ತಪ್ಪು ತನ್ನದೆಂದು ಒಪ್ಪಿಕೊಂಡು, ಕುಬೇರಪ್ಪನವರ ಮೇಜಿನ ಮೇಲಿಟ್ಟು ನಿಂತುಕೊಂಡಳು. ಕೆಲಸ ಹೋಗುವುದೆಂದು ಅವಳಿಗೆ ಹೆಚ್ಚುಕಡಿಮೆ ಖಾತ್ರಿಯಿತ್ತು. ಅವರು ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಆ ಟಿಪ್ಪಣಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಸಹಿ ಯಾರದೈತೆ ನೋಡಿದ್ರಾ ಮೇಡಂ?"

ಅವಳು ನೋಡಿದ್ದಳು. ಹೇಳಲು ಮನಸ್ಸಾಗಿರಲಿಲ್ಲ.

"ನಂದು. ಪಂಪು ರಿಪೇರಿ ತಪ್ಪಿತು ಅಂತ ಖುಷಿಯಾಗಿ ಹಾಕಿದ್ದು ನೆನಪೈತೆ ನನಗೆ." ಅವರು ವರದಿಯಲ್ಲಿ ಅವಳ ಹೆಸರಿನ ಮುಂದೆ ತಮ್ಮ ಹೆಸರನ್ನೂ ಬರೆದರು. "ನಡೀರಿ, ಆ ಅಮ್ಮನ್ನ ನೋಡ್ಕೊಂಡು ಬರಾಣ."

ಆಗಸ್ಟ್ ಮೊದಲ ವಾರದಲ್ಲಿ ಕಟ್ಟಿನಕೇರಿಯ ಶಾಲೆಯ ಜಗಲಿಯಲ್ಲಿ ಊರು ಕೂಡಿತು. ಕೇಂದ್ರದ್ದೇ ತಪ್ಪು, ಮಂಕಾಳಿ ಇಟ್ಟುಕೊಂಡ ಬೊಗಸೆ ಬೀಜವೇ ಸರಿ ಎಂದು ಇಬ್ಬರೂ ಎದ್ದುನಿಂತು ಹೇಳಿದರು. ಕೇಂದ್ರದ ಅಧಿಕಾರಿಗಳು ಹಾಗೆ ಹೇಳಿದ್ದನ್ನು ಊರವರು ಹಿಂದೆ ಕೇಳಿರಲಿಲ್ಲ. ಆಮೇಲೆ ಮಂಕಾಳಿಯೇ ಒಂದು ಹಳೆಯ ಸಂಗತಿ ತೆಗೆದಳು. ಐದಾರು ವರ್ಷದ ಕೆಳಗೆ ಊರವರನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದು ಹದಿನಾಲ್ಕನೇ ಕೋಣೆ ತೋರಿಸಿದ್ದರು. ತಮ್ಮೂರಿನ ಮಳೆ ಘಟ್ಟದ ಮೇಲೆ ಕೋಣೆಯೊಳಗೆ ಬೀಳುವುದನ್ನು ಕಂಡು ಎಲ್ಲರೂ ಬೆರಗಾಗಿದ್ದರು. ಆಕೆ ಮಾತ್ರ ನೀರಿಗೆ ಕೈಯಿಟ್ಟು, ಈ ನೀರಿಗೆ ಹೋಗಿಬರುವುದು ಇಲ್ಲವಲ್ಲ ಎಂದು ಪಕ್ಕದವರಿಗೆ ಹೇಳಿದ್ದಳಂತೆ. ಯಾಕೆ ನಮಗೆ ಹೇಳಲಿಲ್ಲ ಎಂದು ಶಿವಲೀಲಾ ಕೇಳಿದಳು. ನೀವು ಕೇಳಲಿಲ್ಲವಲ್ಲ ಅಕ್ಕೋರೇ ಎಂದಳು ಮಂಕಾಳಿ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಕುಬೇರಪ್ಪನವರೂ ನಕ್ಕರು. ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಯಿತು.

ಆದರೆ ನವೆಂಬರ್ ದೂರವಿರಲಿಲ್ಲ. ಮಂಕಾಳಿಯ ಗಡಿಗೆಯಲ್ಲಿ ಉಳಿದದ್ದು ಎರಡು ಸೇರು ಬೀಜ. ಅದನ್ನು ಈಗ ಬಿತ್ತಿದರೂ ಸಮಿತಿ ಬರುವ ಹೊತ್ತಿಗೆ ತೆನೆಯಾಗದು. ಉಳಿದ ದಾರಿ ಒಂದೇ ಎಂದು ಶಿವಲೀಲಾಳಿಗೆ ಗೊತ್ತಿತ್ತು. ನಿಂತ ಗಿಡವನ್ನು ಬುಡಸಮೇತ ಕಿತ್ತು, ತೆಂಡೆ ತೆಂಡೆಯಾಗಿ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ನಾಟಿ ಮಾಡಬಹುದು. ಒಂದು ಬುಡದಿಂದ ಎಂಟೋ ಹತ್ತೋ ಗಿಡ. ತೆಂಡೆ ಎಂದರೆ ಆ ತಾಯಿಗಿಡದ್ದೇ ತುಂಡು. ಅದರ ತೆರೆದ ಬಾಗಿಲೆಲ್ಲ ತೆರೆದೇ ಇರುತ್ತದೆ. ಆದರೆ ಅದಕ್ಕೆ ಇಡೀ ಊರಿನಲ್ಲಿ ಬದುಕಿ ಉಳಿದ ಒಂದೇ ಗದ್ದೆಯನ್ನು ಕೀಳಬೇಕು. ಗಜನಿಯಲ್ಲಿ ಮೊಳಕೆ ಬಂದ ಬೀಜ ಚೆಲ್ಲುವುದೇ ವಾಡಿಕೆ. ನಾಟಿ ಮಾಡಿದ್ದನ್ನು ಕಂಡವರಿಲ್ಲ. ಹತ್ತು ದಿನಕ್ಕೆ ಶ್ರಾವಣದ ಅಮಾವಾಸ್ಯೆ, ದೊಡ್ಡ ಉಬ್ಬರ. ಬೇರು ಹಿಡಿಯುವ ಮೊದಲೇ ಅದು ಹೊಡೆದರೆ ಎಲ್ಲವೂ ಹೋಗುತ್ತದೆ, ಮಂಕಾಳಿಯ ಅರ್ಧ ಎಕರೆಯೂ ಸೇರಿ.

ಇದನ್ನೆಲ್ಲ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಸಾಧ್ಯ ಎಂದಷ್ಟೇ ಹೇಳುತ್ತೇನೆ, ಖಂಡಿತ ಎನ್ನಲಾರೆ ಎಂದಳು. ಕೆಲವು ಹಿರಿಯರು ಬೇಡವೆಂದರು. ಅವಳ ಒಂದು ಗದ್ದೆಯಾದರೂ ಇರಲಿ, ಅದನ್ನೂ ಕಳೆಯುವುದು ಯಾವ ನ್ಯಾಯ ಎಂಬುದು ಅವರ ಮಾತು. ಎಲ್ಲರೂ ಮಂಕಾಳಿಯ ಕಡೆ ನೋಡಿದರು.

"ಸಮಿತಿಯೋರು ಬಂದು ನನ್ನ ಗದ್ದೆ ಒಂದನ್ನೇ ಕಂಡ್ರೆ ಕಟ್ಟೆ ಕಟ್ತಾರಾ?" ಎಂದು ಆಕೆ ಕೇಳಿದಳು. "ಕಟ್ಟೆ ಇಲ್ದೆ ನನ್ನ ಗದ್ದೆ ಎಲ್ಲಿರ್ತದೆ? ಬಾಗಿಲ ಬುಡದಲ್ಲಿರೂದು ನಂದೇ. ಮೊದ್ಲು ಮುಳುಗೂದು ನಂದೇ. ನಾಳೆ ಬೆಳಿಗ್ಗೆ ಇಳಿತ ಇದೆ. ಎಲ್ಲಾರೂ ಬನ್ನಿ."

ಮರುದಿನ ಬೆಳಿಗ್ಗೆ ನೀರು ಇಳಿದ ಕೂಡಲೇ ಮೊದಲ ಬುಡವನ್ನು ಆಕೆಯೇ ಕಿತ್ತಳು. ಮೂರು ಮಾರು ಅಗಲದ ಒಂದು ಪಟ್ಟಿಯನ್ನು ಮಾತ್ರ ಬೀಜಕ್ಕೆಂದು ಬಿಟ್ಟರು. ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತು ತೆಂಡೆ ಬಿಡಿಸಿದರು. ಶಿವಲೀಲಾ ಒಂದು ಬುಡ ಬಿಡಿಸಿ ತೋರಿಸಿದಳು. ಆಮೇಲೆ ಅವರ ಕೈ ಅವಳ ಕೈಗಿಂತ ಚುರುಕಾಯಿತು. ನಾಟಿ ಮಾತ್ರ ಅವರಿಗೆ ಹೊಸದು, ಅವಳಿಗೆ ಹುಟ್ಟಿನಿಂದ ಗೊತ್ತಿದ್ದದ್ದು. ಕಾರಟಗಿಯ ಹೊಲದಲ್ಲಿ ಅವ್ವನ ಪಕ್ಕ ಬಾಗಿ ಕಲಿತದ್ದನ್ನು ಅವಳು ಸಮುದ್ರದ ಅಂಚಿನಲ್ಲಿ ಇಪ್ಪತ್ತು ವರ್ಷದ ಮೇಲೆ ಮಾಡಿದಳು. ಸೊಂಟ ಹಿಡಿಯಿತು. ಬೆರಳ ಸಂದಿಯಲ್ಲಿ ಉಪ್ಪು ಉರಿಯಿತು. ಕುಬೇರಪ್ಪನವರು ಪ್ಯಾಂಟು ಮಡಚಿ ಬುಟ್ಟಿ ಹೊತ್ತರು. ಮೂರು ದಿನ, ಮೂರು ಇಳಿತ. ನಲವತ್ತು ಗದ್ದೆಯಲ್ಲೂ ಒಂದೊಂದು ಪಟ್ಟಿ ಹಸಿರಾಯಿತು.

ಅಮಾವಾಸ್ಯೆಯ ದಿನ ನೀರು ಕಟ್ಟೆಯ ಕುತ್ತಿಗೆವರೆಗೆ ಬಂತು. ಶಿವಲೀಲಾ ಘಟ್ಟದ ಮೇಲೆ ಪರದೆಯ ಮುಂದೆ ಕೂತು ಆ ಗೆರೆ ಗೋಪುರದಂತೆ ಏಳುವುದನ್ನು ನೋಡುತ್ತಿದ್ದಳು. ಪರದೆಯಲ್ಲಿನ ಉಬ್ಬರವನ್ನು ಬೇಕೆಂದಾಗ ನಿಲ್ಲಿಸಿ ಅಭ್ಯಾಸವಾದ ಅವಳ ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಇದು ಅವಳ ಕೈಯಲ್ಲಿರುವ ಉಬ್ಬರವಾಗಿರಲಿಲ್ಲ. ಕೈ ಹಿಂದಕ್ಕೆ ತೆಗೆದು ಕೂತಳು. ಪಂಪಣ್ಣ ಊರಿಗೆ ಹೋಗುವುದನ್ನು ಮುಂದೂಡಿ ಮಗಳ ಮನೆಯಲ್ಲೇ ಉಳಿದಿದ್ದರು. ಸಂಜೆ ಅವಳು ಮನೆಗೆ ಬಂದಾಗ ಅವರು ತಟ್ಟೆ ಹಾಕಿದರು.

ಅಮಾವಾಸ್ಯೆ ಕಳೆದ ಆರನೆಯ ದಿನ ಮಂಕಾಳಿಯ ಫೋನು ಬಂತು. ಎಲೆಗಳೆಲ್ಲ ಮಲಗಿವೆ, ಆದರೆ ಒಂದು ಬುಡ ಕಿತ್ತು ನೋಡಿದೆ, ಹೊಸ ಬಿಳಿ ಬೇರು ಬಂದಿದೆ ಎಂದಳು. ಶಿವಲೀಲಾ ಫೋನು ಹಿಡಿದುಕೊಂಡೇ ಅಳತೊಡಗಿದಳು. ಅಳಬೇಡಿ ಅಕ್ಕೋರೇ, ಉಪ್ಪು ನಮಗೆ ಸಾಕಷ್ಟಿದೆ ಎಂದಳು ಮಂಕಾಳಿ.

ಅಮಾವಾಸ್ಯೆಯ ಉಬ್ಬರಕ್ಕೆ ಕಟ್ಟೆ ಒಂದೆಡೆ ಒಡೆದು, ಅಲ್ಲಿಯ ಆರು ಗದ್ದೆಗಳು ಉಳಿಯಲಿಲ್ಲ. ಮೂವತ್ತನಾಲ್ಕು ಉಳಿದವು. ನವೆಂಬರ್ ಮೂರನೇ ವಾರ ಭೂ ಸಮಿತಿ ಬಂದಾಗ ಸತ್ತ ಬಯಲಿನ ನಡುವೆ ಮೂವತ್ತನಾಲ್ಕು ಪಟ್ಟಿಗಳು ಹಣ್ಣಾಗಿ ಬಾಗಿದ್ದವು. ಬಂದವರು ಸತ್ತ ಜಾಗವನ್ನೇ ಹೆಚ್ಚು ಹೊತ್ತು ನೋಡಿದರು. ಶಿವಲೀಲಾ ಅದನ್ನು ಮರೆಮಾಚಲಿಲ್ಲ. ಸತ್ತದ್ದಕ್ಕೆ ಕಾರಣ ಹೇಳಿದಳು, ಬದುಕಿದ್ದಕ್ಕೆ ಯಾರು ಕಾರಣ ಎಂದೂ ಹೇಳಿದಳು. ಸಮಿತಿಯ ಹಿರಿಯರು ಮಂಕಾಳಿಯನ್ನು ಕರೆದು ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅವರಲ್ಲೊಬ್ಬರು ಕಟ್ಟೆಯ ಉದ್ದವನ್ನು ಹೆಜ್ಜೆ ಹಾಕಿ ಅಳೆದರು. ಡಿಸೆಂಬರಿನಲ್ಲಿ ಕಟ್ಟೆ ಎತ್ತರಿಸಲು ಮಂಜೂರಾತಿ ಬಂತು.

ಕೇಂದ್ರದಲ್ಲೂ ನಿಯಮ ಬದಲಾಯಿತು. ಒಂದು ಕಾಳೂ ಇಟ್ಟುಕೊಳ್ಳಬಾರದೆಂಬ ಕಾಗದವನ್ನು ಕುಬೇರಪ್ಪನವರು ತೆಗೆಸಿಹಾಕಿದರು. ಕೋಣೆಯಲ್ಲಿ ಆರಿಸಿದ ಬೀಜ ಇನ್ನು ಮುಂದೆ ಎರಡು ವರ್ಷ ಅದು ಬದುಕಬೇಕಾದ ನೆಲದಲ್ಲೇ, ಅಲ್ಲಿಯವರ ಕೈಯಲ್ಲೇ ಬೆಳೆದು ಆಮೇಲೆ ಹಂಚಿಕೆಯಾಗಬೇಕು ಎಂದಾಯಿತು. ಕೆಲಸ ನಿಧಾನವಾಯಿತೆಂದು ಕೆಲವರು ಗೊಣಗಿದರು. ಬೇರೆ ಕೋಣೆಗಳ ನೇರ ಗೆರೆಗಳನ್ನು ಶಿವಲೀಲಾ ಒಂದೊಂದಾಗಿ ತೆಗೆದು ನೋಡತೊಡಗಿದಳು. ನೋಡಿದಷ್ಟೂ ಸಿಕ್ಕವು.

ಮಂಜೂರಾತಿ ಬಂದ ವಾರವೇ ಕಟ್ಟಿನಕೇರಿಯಲ್ಲಿ ಹೊಸ್ತಿನ ಊಟ, ಹೊಸ ಅಕ್ಕಿಯ ಮೊದಲ ಅನ್ನ. ಶಿವಲೀಲಾ ಸೀರೆಯುಟ್ಟು, ಗಂಡನನ್ನೂ ತಂದೆಯನ್ನೂ ಕರೆದುಕೊಂಡು ಹೋದಳು. ಮಂಕಾಳಿಯ ಅಂಗಳದಲ್ಲಿ ಚಾಪೆ ಹಾಸಿತ್ತು. ಭತ್ತ ಉಳಿಸಿಕೊಂಡ ಒಂದೊಂದು ಮನೆಯವರೂ ತಮ್ಮ ಪಟ್ಟಿಯಲ್ಲಿ ಬೆಳೆದದ್ದರಲ್ಲಿ ಒಂದು ಸೇರನ್ನು ಬಟ್ಟೆಯಲ್ಲಿ ಕಟ್ಟಿ ತಂದು ಆಕೆಯ ಮುಂದಿಟ್ಟು ಕೈಮುಗಿದು ಹೋಗುತ್ತಿದ್ದರು. ಉಳಿಯದ ಆರು ಮನೆಯವರು ಒಂದೊಂದು ಗೊಂಚಲು ಬಾಳೆಹಣ್ಣು ತಂದರು. ಆಕೆ ಆ ಆರೂ ಮನೆಯ ಹೆಸರಿಗೆ ಬೀಜ ತೆಗೆದಿಟ್ಟಾಗಿತ್ತು.

ಆಕೆ ಒಂದೊಂದು ಗಂಟನ್ನೂ ಬಿಚ್ಚಿ ಚಾಪೆಯ ಮೇಲೆ ಬೇರೆ ಬೇರೆ ಗುಪ್ಪೆ ಸುರಿದಳು. ಒಂದೇ ಗದ್ದೆಯ ಬುಡದಿಂದ ಹೋದವು. ಆದರೂ ಹೊಳೆಯ ಹತ್ತಿರದವರದು ಕಡುಕೆಂಪು, ಮೀಸೆ ಬೆರಳುದ್ದ. ತೆಂಗಿನ ಸಾಲಿನ ನೆರಳಿನವರದು ತೆಳ್ಳಗೆ, ಬಣ್ಣ ಮಸುಕು. ಸಿಹಿನೀರಿನ ತೋಡಿನ ಪಕ್ಕದವರದು ದುಂಡಗೆ, ಮೀಸೆಯೇ ಇಲ್ಲವೆನ್ನುವಷ್ಟು ಗಿಡ್ಡ. ಪಂಪಣ್ಣ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಅಂಗೈಯಲ್ಲಿ ಹಾಕಿ ಉಜ್ಜಿ ಊದಿ ನೋಡಿದರು. ಯಾವುದು ಯಾರ ಗದ್ದೆಯದೆಂದು ಮಂಕಾಳಿ ಗಂಟಿನ ಕಡೆ ನೋಡದೆಯೇ ಹೇಳುತ್ತಿದ್ದಳು.

"ಎಲ್ಲಾ ನನ್ನ ಹೆಣ್ಮಕ್ಕಳು. ಕೊಟ್ಟ ಮನೆಯ ನೀರು ಮೈಗೆ ಬಂದದೆ" ಎಂದಳು.

ಶಿವಲೀಲಾ ಅಲ್ಲಿಗೆ ಬಂದದ್ದು ಒಂದು ಮಾತು ಹೇಳಲೆಂದು. ದಾರಿಯುದ್ದಕ್ಕೂ ಅದನ್ನು ಜೋಡಿಸಿಕೊಂಡು ಬಂದಿದ್ದಳು. ನೀವು ಅಂದು ಒಂದು ಬೊಗಸೆ ಇಟ್ಟುಕೊಳ್ಳದಿದ್ದರೆ ಈ ಊರು ಇರುತ್ತಿರಲಿಲ್ಲ, ನಾನು ನನ್ನ ತಪ್ಪಿನೊಳಗೇ ಉಳಿದುಬಿಡುತ್ತಿದ್ದೆ ಎಂದು. ಎದುರು ನಿಂತಾಗ ಆ ಮಾತು ಬರಲಿಲ್ಲ. ಬಂದದ್ದು ಬೇರೆ.

"ಅಮ್ಮಾ, ನಮ್ಮ ಕೋಣೆಗೆ ಸ್ವಲ್ಪ ಬೀಜ ಬೇಕಿತ್ತು" ಎಂದಳು.

ಮಂಕಾಳಿ ಎದ್ದಳು. ಮೂವತ್ತನಾಲ್ಕು ಗುಪ್ಪೆಯಿಂದಲೂ ಚಿಟಿಕೆ ಚಿಟಿಕೆ ತೆಗೆದು ಬೊಗಸೆ ತುಂಬಿಕೊಂಡಳು. ಶಿವಲೀಲಾ ಕೇಂದ್ರದ ಮುದ್ರೆಯಿದ್ದ ಚೀಲವನ್ನು ತಂದಿದ್ದಳು, ಅದು ಮಹಾಂತೇಶನ ಕೈಯಲ್ಲಿತ್ತು. ಅವಳು ಅದನ್ನು ಕೇಳಲಿಲ್ಲ. ಬಾಗಿ, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. ಕೆಂಪು, ಮಸುಕು, ದುಂಡು, ತೆಳು, ಮೀಸೆಯದು, ಮೀಸೆಯಿಲ್ಲದ್ದು ಎಲ್ಲವೂ ಸರಸರನೆ ಅದರೊಳಗೆ ಬಿದ್ದವು.